ಇಮಾಮ್ ಸಾಬರ ತಾಳ್ಮೆ

ಈ ಕೋಚ್ ಬೇಡವೆಂದು ಜನ ಎತ್ತಿದ ಕೈಗಳನ್ನು ಎಣಿಸುವ ಮೊದಲೇ ಇಮಾಮ್ ಸಾಬ್ ಎದ್ದು ನಿಂತರು. ತಾನು ಎರಡು ಮಾತು ಆಡಬೇಕು, ಆಮೇಲೆ ಬೇಕಾದರೆ ಎಣಿಸಿಕೊಳ್ಳಿ ಎಂದರು.

ಚನ್ನಪಟ್ಟಣದ ಶಾಲಾ ಮೈದಾನದಲ್ಲಿ ಬಿಸಿಲಿಗೆ ಬೆವರುತ್ತ ಕೂತಿದ್ದ ಫುಟ್‌ಬಾಲ್ ಅಭಿಮಾನಿಗಳು ಕೈ ಇಳಿಸಿದರು. ಕೋಚ್ ಮಹೇಂದ್ರನ ಕಥೆ ಇನ್ನು ಮುಗಿದಂತೆಯೇ ಎಂದುಕೊಂಡರು. ಯಾಕೆಂದರೆ ಮಹೇಂದ್ರ ಬಂದ ವಾರವೇ ತಂಡದಿಂದ ಆಚೆ ಹಾಕಿದ್ದು ಇಮಾಮ್ ಸಾಬರ ಮಗ ವಾಸಿಂನನ್ನು. ಊರಿಗೆ ಊರೇ ಹೆಗಲ ಮೇಲೆ ಹೊತ್ತು ಮೆರೆಸಿದ್ದ ಗೋಲುಗಾರ ಅವನು.

ಮಹೇಂದ್ರ ಕನಕಪುರದವನು. ಕಳೆದ ವರ್ಷ ಬಂದಾಗ, ತಂಡವನ್ನು ಬುಡದಿಂದ ಕಟ್ಟುತ್ತೇನೆ, ಮೂರು ವರ್ಷ ಕೊಡಿ ಎಂದು ಕೇಳಿದ್ದ. ಹಳಬರನ್ನೆಲ್ಲ ಮನೆಗೆ ಕಳಿಸಿ, ಹೊಂಗನೂರು, ವಿರೂಪಾಕ್ಷಿಪುರದ ಕಡೆಯಿಂದ ಮೀಸೆ ಮೂಡದ ಹುಡುಗರನ್ನು ಹುಡುಕಿ ತಂದ. ಚೆಂಡನ್ನು ಸುಮ್ಮನೆ ದೂರಕ್ಕೆ ಒದೆಯಬೇಡಿ, ಗೋಲ್‌ಕೀಪರ್‌ನಿಂದಲೇ ಒಬ್ಬರಿಂದೊಬ್ಬರಿಗೆ ದಾಟಿಸಿ ಎಂದು ಕಲಿಸಿದ. ಹುಡುಗರು ದಾಟಿಸಿದರು. ಬಹಳ ಸಲ ಎದುರಾಳಿಗೇ ದಾಟಿಸಿದರು. ಮಾಗಡಿಯವರ ಕೈಲಿ ಸೋತರು, ರಾಮನಗರದವರ ಕೈಲಿ ಸೋತರು. ಬಿಡದಿಯ ಕಾರ್ಖಾನೆಯವರು ಶಿಫ್ಟ್ ಮುಗಿಸಿ ಆಕಳಿಸುತ್ತ ಬಂದು ಆಡಿದ್ದರು, ಅವರ ಕೈಲೂ ಸೋತರು. ಕೇಳಿದರೆ ಮೈದಾನ ಸಮ ಇಲ್ಲ ಎಂದ ಮಹೇಂದ್ರ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ಕ್ಲಬ್ಬಿನ ಕಾರ್ಯದರ್ಶಿ, ಹಾರ್ಡ್‌ವೇರ್ ಅಂಗಡಿಯ ರುದ್ರಪ್ರಸಾದ್ ಅವತ್ತೇ ಛೇಡಿಸಿದ್ದ. ಈ ಸಭೆ ಕರೆದವನೂ ಅವನೇ.

ವಾಸಿಂ ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ನಿಂತಿದ್ದ. ಬೆರಳ ತುಂಬ ಅರಗಿನ ಕೆಂಪು. ಆಟ ಹೋದ ಮೇಲೆ ಲೇತಿನಲ್ಲಿ ಮರದ ಗೊಂಬೆ ಕಡೆಯುವ ಅಪ್ಪನ ಕಸುಬಿಗೇ ಕೂತುಬಿಟ್ಟಿದ್ದಾನೆ ಎಂದು ಊರವರು ಕಂಡಾಗಲೆಲ್ಲ ಮರುಗುತ್ತಿದ್ದರು. ಆ ತಾಯಿ ಅಕ್ಬರಿ ಬೇಗಂಗೆ ಇನ್ನೆಷ್ಟು ಸಂಕಟವೋ. ಬೆಳಿಗ್ಗೆ ಗಂಡನನ್ನು ಬಾಗಿಲವರೆಗೆ ಕಳಿಸಿಕೊಟ್ಟು, ಚೆನ್ನಾಗಿ ಮಾತಾಡಿ ಬನ್ನಿ ಎಂದು ಎರಡೆರಡು ಸಲ ಹೇಳಿದ್ದನ್ನು ಪಕ್ಕದ ಮನೆಯವರು ಕೇಳಿಸಿಕೊಂಡಿದ್ದರು.

ಇಮಾಮ್ ಸಾಬ್ ಗಂಟಲು ಸರಿಮಾಡಿಕೊಂಡರು.

"ಗೆದ್ದೆತ್ತಿನ ಬಾಲ ಹಿಡಿಯಾಕೆ ಎಲ್ರೂ ಬತ್ತಾರೆ. ಸೋತಾಗ ಯಾರ್ ನಿಂತ್ಕತ್ತಾರೆ ಅನ್ನೋದು ಮಾತು. ಇಲ್ಲಿರೋರು ಮುಕ್ಕಾಲು ಜನ ಗೊಂಬೆ ಮಾಡೋರು. ಹಸಿ ಆಲೆ ಮರಾನ ಯಾರಾದ್ರೂ ಲೇತಿಗೆ ಹಾಕ್ತೀರಾ? ಸೀಳೋಯ್ತದೆ. ಈ ಹುಡುಗ್ರು ಹಸಿ ಮರ ಕಣ್ರಪ್ಪಾ. ಒಣಗಾಕೆ ಬುಡಿ."

ಜನ ಮುಖ ಮುಖ ನೋಡಿಕೊಂಡರು. ಸಾಬರು ನಿಲ್ಲಿಸಲಿಲ್ಲ. ಮೊದಲು ರಾಶಿ ರಾಶಿ ಗೋಲು ಬಿಟ್ಟುಕೊಡುತ್ತಿದ್ದವರು ಈಗ ಒಂದೋ ಎರಡೋ ಬಿಟ್ಟುಕೊಡುತ್ತಿರುವುದನ್ನು ಎತ್ತಿ ತೋರಿಸಿದರು. ಹಳಬರು ಕೊನೆಕೊನೆಗೆ ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದರು, ಈ ಹುಡುಗರು ಸೀಟಿ ಊದುವ ತನಕ ಓಡುತ್ತಾರೆ ಎಂದರು. ಅದರಲ್ಲಿ ಸುಳ್ಳು ಒಂದೂ ಇರಲಿಲ್ಲ.

ರುದ್ರಪ್ರಸಾದನಿಗೆ ತಡೆಯಲಾಗಲಿಲ್ಲ. "ಅಲ್ಲ ಸಾಬ್ರೆ, ನಿಮ್ ಮಗ ಆಡ್ತಿದ್ದಾಗ ಗೆಲ್ತಿದ್ವಲ್ಲ?"

"ಗೆಲ್ತಿದ್ದೋ ರುದ್ರಣ್ಣ. ಅವ್ನಿಗೆ ಜರ ಬಂದ್ರೆ ಇಡೀ ಟೀಮ್ಗೇ ಜರ ಬತ್ತಿತ್ತು. ಅದೂ ಒಂದ್ ಟೀಮಾ?"

ಹೆತ್ತ ಮಗನ ವಿರುದ್ಧವೇ ಅಪ್ಪ ಮಾತಾಡುತ್ತಿದ್ದ, ಅದೂ ಊರಿನ ತಂಡಕ್ಕಾಗಿ. ಹಿರಿಯರೊಬ್ಬರು ಟವೆಲ್ಲಿನಿಂದ ಕಣ್ಣು ಒರೆಸಿಕೊಂಡರು. ತಾಳಿದವನು ಬಾಳಿಯಾನು ಎಂದು ಇನ್ನೊಬ್ಬರು ತಲೆದೂಗಿದರು. ಕೋಚ್ ಬೇಡವೆನ್ನುವವರು ಮತ್ತೆ ಕೈ ಎತ್ತಿ ಎಂದು ರುದ್ರಪ್ರಸಾದ್ ಕೇಳಿದಾಗ ಒಂದು ಕೈಯೂ ಮೇಲೇಳಲಿಲ್ಲ. ಅವನ ಕೈಯೂ ಏಳಲಿಲ್ಲ. ಉಳಿದ ಎರಡು ವರ್ಷವೂ ಮಹೇಂದ್ರನೇ ಕೋಚ್ ಎಂದು ತೀರ್ಮಾನವಾಯಿತು. ವಾಸಿಂ ಯಾರ ಮುಖವನ್ನೂ ನೋಡದೆ ಗೇಟಿನಾಚೆ ನಡೆದ.

ಇಮಾಮ್ ಸಾಬರ ಮುಖದಲ್ಲಿ ಹಬ್ಬದ ಕಳೆ. ಸಿಕ್ಕವರೆಲ್ಲ ಅವರ ಕೈ ಕುಲುಕಿದರು. ಇಂಥ ದೊಡ್ಡ ಮನಸ್ಸು ಎಲ್ಲಿ ಸಿಗುತ್ತದೆ ಎಂದು ಹೊಗಳಿದರು. ಸಾಬರು ಬೇಡ ಬೇಡ ಎನ್ನುತ್ತಲೇ ಅಷ್ಟನ್ನೂ ಕೇಳಿಸಿಕೊಂಡರು. ಜನ ಚದುರುವಾಗ ಮಹೇಂದ್ರ ಓಡಿಬಂದು ಅವರ ಎರಡೂ ಕೈ ಹಿಡಿದುಕೊಂಡ.

"ಸಾಬ್ರೆ, ನಿಮ್ಮಂಥೋರ ಮಗನ್ನ ಆಚೆ ಇಟ್ಟು ನಾನು ತಪ್ ಮಾಡ್ದೆ. ಈ ಹುಡುಗ್ರಿಗೆ ಬುದ್ಧಿ ಹೇಳಾಕೆ ಒಬ್ಬ ಹಳಬ ಬೇಕು. ನಾಳೆಯಿಂದ ವಾಸಿಂನೇ ಕ್ಯಾಪ್ಟನ್ನು. ಬೆಳಿಗ್ಗೆ ಪ್ರಾಕ್ಟೀಸು, ಸಂಜೆ ಪ್ರಾಕ್ಟೀಸು. ಎರಡು ವರ್ಸ ಅವನ್ನ ನಂಗ್ ಬುಟ್ಬುಡಿ."

ಸಾಬರ ನಗು ಇದ್ದಲ್ಲೇ ಇಂಗಿತು. ಮಗನನ್ನು ಲೇತಿನ ಮುಂದೆ ಕೂರಿಸಲು ಅವರು ಬೈದು ನೋಡಿದ್ದರು, ಬೇಡಿ ನೋಡಿದ್ದರು, ದರ್ಗಾದಲ್ಲಿ ಹರಕೆಯನ್ನೂ ಹೊತ್ತಿದ್ದರು. ಯಾವುದಕ್ಕೂ ಬಗ್ಗದ ಹುಡುಗನನ್ನು ಒಂದೇ ವಾರದಲ್ಲಿ ಕಸುಬಿಗೆ ತಂದು ಕೂರಿಸಿದ ಪುಣ್ಯಾತ್ಮ ಈ ಮಹೇಂದ್ರ. ಅವನ ಕೆಲಸ ಉಳಿದರೆ ತಮ್ಮ ಕಸುಬು ಉಳಿಯುತ್ತದೆಂದೇ ಸಾಬರು ಅಷ್ಟು ಹೊತ್ತು ಗಂಟಲು ಹರಿದುಕೊಂಡಿದ್ದರು.

ಕೈ ಬಿಡಿಸಿಕೊಂಡು ಅವರು ಗೇಟಿನ ಕಡೆ ಓಡಿದರು. "ರುದ್ರಣ್ಣ, ಜನಾನ ಒಸಿ ನಿಲ್ಸು. ಇನ್ನೊಂದ್ಸಲ ಕೈ ಎತ್ಸಿ ನೋಡನ."